ಇಕ್ಕೇರಿ ವರಹಕ್ಕೆ ಕಾಯುವವರಿಗೆ

ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ಇದ್ದರೆ ಲಕ್ಷ ಸಿಗುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಆ ನಾಣ್ಯ 2012ರಲ್ಲಿ ವೈಷ್ಣೋದೇವಿ ದೇವಸ್ಥಾನ ಮಂಡಳಿಯ ರಜತ ಮಹೋತ್ಸವಕ್ಕೆಂದು ಹೊರಬಂದದ್ದು. ಸವೆಯದೆ ಉಳಿದಿದ್ದರೆ ಸಂಗ್ರಾಹಕರು ಮುಖಬೆಲೆಗಿಂತ ಒಂದಿಷ್ಟು ಹೆಚ್ಚು ಕೊಟ್ಟಾರು, ಅಷ್ಟೆ. ಲಕ್ಷ ಕೊಡುತ್ತೇವೆ ಎನ್ನುವವರು ಮೊದಲು ಕೇಳುವುದು ‘ನೋಂದಣಿ ಶುಲ್ಕ’, ಆಮೇಲೆ ‘ತೆರಿಗೆ’. ಹಳೆಯ ನಾಣ್ಯ, ನೋಟುಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ನಾಣ್ಯಗಳ ಬಗ್ಗೆ ಹಬ್ಬಿರುವ ಹೆಚ್ಚಿನ ತಪ್ಪು ಕಲ್ಪನೆಗಳು ನಮ್ಮಲ್ಲಿ ಆತುರ ಹುಟ್ಟಿಸುತ್ತವೆ. ಹಳೆಯದೆಲ್ಲ ಅಪರೂಪ ಎನ್ನುವುದು ಅವುಗಳಲ್ಲಿ ಮೊದಲನೆಯದು. ಲಕ್ಷ್ಮೀಪೂಜೆಗೆ ಇಡುವ ರಾಣಿ ವಿಕ್ಟೋರಿಯಾ ರೂಪಾಯಿಯನ್ನೇ ನೋಡಿ. 11.66 ಗ್ರಾಂ ತೂಕ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಅದು ಕೋಟಿಗಟ್ಟಲೆ ಅಚ್ಚಾಗಿತ್ತು. ಹಾಗಾಗಿ ಸಾಧಾರಣ ವರ್ಷದ, ಸವೆದ ರೂಪಾಯಿಯ ಬೆಲೆ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ಇರುತ್ತದೆ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ನಿಕಲ್ಲಿನದು. ಇನ್ನೊಂದು ಕಡೆ ಬನವಾಸಿಯನ್ನು ಆಳಿದ ಚುಟು ಅರಸರ ಸೀಸದ ನಾಣ್ಯ ಒಂದೂವರೆ ಸಾವಿರ ವರ್ಷಕ್ಕೂ ಹಳೆಯದು. ಆದರೂ ಅದರ ಬೆಲೆಯನ್ನು ವಯಸ್ಸೊಂದೇ ತೀರ್ಮಾನಿಸುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಜನ ಎಂಬುದೂ ಲೆಕ್ಕಕ್ಕೆ ಬರುತ್ತದೆ.

‘ಸಂಗ್ರಹ ದುಡ್ಡಿದ್ದವರ ಹವ್ಯಾಸ, ನಮ್ಮಂಥವರು ಅಗ್ಗದ್ದನ್ನೇ ನಾಲ್ಕು ಕೊಳ್ಳಬೇಕು’ ಎಂಬ ಮಾತನ್ನು ನಾನು ಒಪ್ಪಲಾರೆ. ಮೆಕ್ಕೆಜೋಳ, ಅಡಿಕೆ, ಶುಂಠಿ ಬೆಳೆಯುವ ಮನೆಗಳಿಗೆ ದುಡ್ಡು ಬರುವುದೇ ಫಸಲಿನ ಹೊತ್ತಿಗೆ. ಕೂಡಿಟ್ಟು ಕೊಳ್ಳುವುದು ಅವರಿಗೆ ಹೊಸದಲ್ಲ. ಸವೆದ ತಾಮ್ರದ ಕಾಸುಗಳನ್ನು ತಿಂಗಳು ತಿಂಗಳೂ ಕೊಂಡವರು ಒಂದು ದಿನ ಮಾರಲು ಹೋದರೆ ಕೊಟ್ಟದ್ದರ ಅರ್ಧವೂ ಸಿಗದಿರಬಹುದು. ಅದೇ ದುಡ್ಡನ್ನು ಕೂಡಿಟ್ಟು ಒಂದು ಒಳ್ಳೆಯ ನಾಣ್ಯ ಕೊಂಡವರಿಗೆ ನೋಡುವ ಸಂತೋಷವೂ ಇದೆ, ಬೆಲೆಯೂ ಉಳಿಯುತ್ತದೆ.

ನಮ್ಮ ಶಿಕಾರಿಪುರ ಸೀಮೆಯವರಿಗೆ ಅಂಥ ನಾಣ್ಯವೆಂದರೆ ಇಕ್ಕೇರಿ ವರಹ. ಚಂದ್ರಗುತ್ತಿಯ ಕೋಟೆಯನ್ನೂ ಆಳಿದ ಕೆಳದಿ ಅರಸರ ಚಿನ್ನದ ನಾಣ್ಯ ಅದು. ಒಂದು ಬದಿಯಲ್ಲಿ ಕುಳಿತ ಶಿವ ಪಾರ್ವತಿಯರು, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. ತೂಕ ಸುಮಾರು 3.4 ಗ್ರಾಂ. ಶಿವ ಪಾರ್ವತಿಯರಿದ್ದರೆ ಸಾಕು, ಅದು ಕೆಳದಿಯದೇ ಎಂದು ನಂಬಿ ಕೊಳ್ಳುವವರಿದ್ದಾರೆ. ವಿಜಯನಗರದ ವರಹಗಳಲ್ಲೂ ಆ ಜೋಡಿ ಉಂಟು. 1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದ ಹೈದರಾಲಿ ಕೂಡ ಆ ಚಿತ್ರವನ್ನು ಹಾಗೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ. ಗೆದ್ದವನೂ ಸೋತವರ ನಾಣ್ಯದ ರೂಪವನ್ನು ಬಿಡದಷ್ಟು ಆ ವರಹಕ್ಕೆ ಪೇಟೆಯಲ್ಲಿ ನಂಬಿಕೆಯಿತ್ತು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ದುಡ್ಡು ಕೂಡುವ ತಿಂಗಳುಗಳಲ್ಲಿ ಇದನ್ನೆಲ್ಲ ಓದಿಕೊಳ್ಳಬಹುದು. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದ ಪುಸ್ತಕ ನಾಣ್ಯಕ್ಕಿಂತ ಮೊದಲು ಮನೆಗೆ ಬರಲಿ.

‘ಅಕ್ಕಸಾಲಿಗರು ಉಜ್ಜಿ ನೋಡಿ ಚಿನ್ನವೇ ಅಂದರು, ಅಂದಮೇಲೆ ಅಸಲಿ’ ಎನ್ನುವುದೂ ತಪ್ಪು. ಒರೆಗಲ್ಲು ಲೋಹವನ್ನು ಹೇಳುತ್ತದೆ, ಕಾಲವನ್ನಲ್ಲ. ಅಪ್ಪಟ ಚಿನ್ನದಲ್ಲೇ ಮಾಡಿದ ಹೊಸ ವರಹವೂ ಹಳೆಯದೆಂಬ ಹೆಸರಿನಲ್ಲಿ ಮಾರಾಟವಾಗಬಹುದು. ಇನ್ನು, ಇಷ್ಟು ಚಿನ್ನವಿರುವ ನಾಣ್ಯವನ್ನು ಚಿನ್ನದ ಬೆಲೆಗಿಂತ ಕಡಿಮೆಗೆ ಕೊಡುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಕೈ ಬಿಗಿಯಾಗಿದ್ದರೆ ಬೇರೆ ದಾರಿಯಿದೆ. ಕಾಸಿನ ಸರಕ್ಕೆ ಬೆಸೆದು ಬಿಡಿಸಿದ ಗುರುತಿರುವ ವರಹಗಳು ಅಸಲಿಯಾಗಿದ್ದರೂ ಕಡಿಮೆ ಬೆಲೆಗೆ ಸಿಗುತ್ತವೆ.

ಕಾಯುತ್ತ ಕೂತರೆ ಚಿನ್ನದ ಬೆಲೆ ಏರುವುದಿಲ್ಲವೇ? ಏರಬಹುದು, ಇದು ನ್ಯಾಯವಾದ ಪ್ರಶ್ನೆ. ಆಗ ಇನ್ನೊಂದು ಫಸಲು ಕಾಯಬೇಕಾದೀತು. ಆದರೆ ಆತುರದಲ್ಲಿ ನಕಲಿ ಕೊಂಡವರಿಗೆ ಮುಂದಿನ ಫಸಲೂ ಆ ನಷ್ಟ ತುಂಬಿಕೊಡದು.

ಕೊಂಡ ಮೇಲೂ ತಾಳ್ಮೆ ಬೇಕು. ತಾಮ್ರದ ಕಾಸನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತಂಬಿಗೆಯಂತೆ ಫಳಫಳ ಹೊಳೆಸಿದರೆ ಬೆಲೆ ಏರುತ್ತದೆ ಎನ್ನುತ್ತಾರೆ. ಇಳಿಯುತ್ತದೆ. ಹುಳಿ ಕಿಲುಬನ್ನಷ್ಟೇ ಅಲ್ಲ, ಲೋಹದ ಮೇಲೆ ಕಾಲ ಕೂರಿಸಿದ ಬಣ್ಣವನ್ನೂ ಕಿತ್ತುಹಾಕುತ್ತದೆ. ಸಂಗ್ರಾಹಕರು ಹುಡುಕುವುದು ಆ ಬಣ್ಣವನ್ನೇ.

ರಾಮಲಕ್ಷ್ಮಣರ ಚಿತ್ರ, ‘ಈಸ್ಟ್ ಇಂಡಿಯಾ ಕಂಪನಿ 1818’ ಎಂಬ ಬರಹ ಇರುವ ಬಿಲ್ಲೆ ಅಕ್ಕಿಯನ್ನು ಎಳೆಯುತ್ತದೆ, ಕೋಟಿ ಬಾಳುತ್ತದೆ ಎಂದು ನಂಬಿಸಿ ಮನೆ ಹಾಳುಮಾಡುವವರಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಲೇ ಇಲ್ಲ. ಯಾವ ನಾಣ್ಯವೂ ಅಕ್ಕಿಯನ್ನು ಎಳೆಯುವುದಿಲ್ಲ.

ಕೊನೆಗೆ, ಹೊಲ ಉಳುವಾಗ ಸಿಕ್ಕಿದ್ದು ಸಿಕ್ಕವರದೇ, ಅವರಿಂದ ಅಗ್ಗಕ್ಕೆ ಕೊಳ್ಳಬಹುದು ಎಂಬ ನಂಬಿಕೆ. ತಾಳಗುಂದ, ಬಳ್ಳಿಗಾವಿಯಂಥ ನೆಲ ಇರುವ ಶಿಕಾರಿಪುರ ತಾಲ್ಲೂಕಿನಲ್ಲಿ ಈ ಮಾತನ್ನು ಒತ್ತಿ ಹೇಳಬೇಕು. ನೆಲದಡಿ ಸಿಕ್ಕ ನಿಧಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯಿಸುತ್ತದೆ. ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಬಚ್ಚಿಡುವುದು ಅಪರಾಧ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನೂ 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಹೆಸರು, ವಿಳಾಸ ಹಾಕಿ ರಸೀದಿ ಕೊಡುವ ವ್ಯಾಪಾರಿಯಿಂದ ಕೊಳ್ಳಿ, ಆ ರಸೀದಿಯನ್ನು ನಾಣ್ಯದ ಜೊತೆಗೇ ಇಟ್ಟುಕೊಳ್ಳಿ.