ಗಿಟಾರಿನ ಮೊದಲ ಪಾಠ

ದಾವಣಗೆರೆ, ಹರಿಹರಗಳ ಕಡೆ ಭಜನೆಗೆ ಕಿವಿಗೊಟ್ಟವರಿಗೆ ಏಕತಾರಿ ಹೊಸತಲ್ಲ. ಅದಕ್ಕಿರುವುದು ಒಂದೇ ತಂತಿ. ತತ್ತ್ವಪದ ಹಾಡುವವನಿಗೆ ಆಧಾರಶ್ರುತಿಯೊಂದು ದೊರೆತರೆ ಸಾಕು. ಹರಿಹರದಿಂದ ಹೆದ್ದಾರಿ ಹಿಡಿದು ಹಾವೇರಿಯನ್ನು ದಾಟಿದರೆ ಶಿಗ್ಗಾಂವಿ ಸೀಮೆ. ಅಲ್ಲಿನ ಶಿಶುನಾಳದಲ್ಲಿ ಬಾಳಿದ ಶರೀಫರ (1819–1889) ಪದಗಳು ಇಂಥ ಹಾಡುಗಾರರ ಬಾಯಿಂದ ಬಾಯಿಗೆ ಹಬ್ಬಿದವು. ಅವುಗಳಲ್ಲಿ ಕೆಲವನ್ನು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಗಿಟಾರ್ ನುಡಿಸುತ್ತ ಹಾಡಿ 2008ರಲ್ಲಿ ಧ್ವನಿಮುದ್ರಿಕೆಯಾಗಿ ಹೊರತಂದರು. ಏಕತಾರಿಯ ಸ್ಥಾನಕ್ಕೆ ಆರು ತಂತಿಗಳ ಪರದೇಶದ ವಾದ್ಯ ಬಂದರೂ ಪದಗಳು ಸೊರಗಲಿಲ್ಲ.

ತಂತಿಯ ಧರ್ಮ ಎಲ್ಲೆಡೆಯೂ ಒಂದೇ ಆಗಿರುವುದು ಇದಕ್ಕೆ ಒಂದು ಕಾರಣ. ಮಿಡಿಯುವ ತಂತಿಯ ಉದ್ದವನ್ನು ಅರ್ಧಕ್ಕಿಳಿಸಿದರೆ ಮೇಲಿನ ಷಡ್ಜ ಕೇಳುತ್ತದೆ. ಮೂರರಲ್ಲಿ ಎರಡು ಪಾಲು ಉಳಿಸಿದರೆ ಪಂಚಮ. ಗಿಟಾರಿನ ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುವುದೂ ಏಳನೆಯದು ಪಂಚಮವನ್ನು ನುಡಿಯುವುದೂ ಈ ನಿಯಮದಂತೆಯೇ. ವೀಣೆಯ 24 ಮೆಟ್ಟಿಲುಗಳನ್ನು ಕುಶಲಕರ್ಮಿಯು ಸ್ವರವನ್ನು ಆಲಿಸುತ್ತ ಮೇಣದಲ್ಲಿ ಕೂರಿಸುತ್ತಾನೆ. ಗಿಟಾರಿನಲ್ಲಾದರೋ ಲೋಹದ ಪಟ್ಟಿಗಳನ್ನು ಲೆಕ್ಕ ಹಾಕಿ ಮೊದಲೇ ಬಿಗಿದಿರುತ್ತಾರೆ. ಹಾಗೆಂದು ಕಲಿಯುವವನು ಕಿವಿಯನ್ನು ಮರೆಯುವಂತಿಲ್ಲ.

ಏಕೆಂದರೆ ಶ್ರುತಿಗೂಡಿಸುವ ಕೆಲಸ ಅವನದೇ. ಅತಿ ದಪ್ಪನಾದ ಆರನೆಯ ತಂತಿಯನ್ನು ಐದನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದಾಗ ಬರುವ ನಾದಕ್ಕೆ ಐದನೆಯ ತಂತಿಯನ್ನು ಹೊಂದಿಸಬೇಕು. ಹೀಗೆಯೇ ಮುಂದುವರಿಯಬೇಕು, ಮೂರನೆಯ ತಂತಿಯಿಂದ ಎರಡನೆಯದನ್ನು ಹೊಂದಿಸುವಾಗ ಮಾತ್ರ ನಾಲ್ಕನೆಯ ಮೆಟ್ಟಿಲು. ಎರಡು ನಾದಗಳು ಸಮೀಪಿಸಿದಂತೆ ಅಲೆಯಂಥ ಏರಿಳಿತವೊಂದು ಕೇಳಿಬರುತ್ತದೆ. ಬಿರಡೆಯನ್ನು ಮೆಲ್ಲಗೆ ತಿರುವಿದರೆ ಆ ಅಲೆ ನಿಧಾನವಾಗಿ, ಕೊನೆಗೆ ಅಡಗುತ್ತದೆ. ಆಗ ಶ್ರುತಿ ಕೂಡಿತೆಂದು ತಿಳಿಯಬೇಕು. ದಾವಣಗೆರೆಯ ಬೇಸಗೆಯಲ್ಲಿ ವಾದ್ಯವನ್ನು ಬಿಸಿಲಿಗೆ ಒಯ್ದರೆ ಉಕ್ಕಿನ ತಂತಿ ಹಿಗ್ಗಿ ಸಡಿಲಗೊಂಡು ಸ್ವರ ಇಳಿಯುತ್ತದೆ, ಮತ್ತೆ ಹೊಂದಿಸಬೇಕಾಗುತ್ತದೆ. ಶ್ರುತಿ ತೋರಿಸುವ ಸೌಲಭ್ಯ ಈಗ ಮೊಬೈಲ್ ಫೋನಿನಲ್ಲಿಯೇ ಉಂಟು. ಅದರಿಂದ ಸಮಯ ಉಳಿಯುವುದು ನಿಜ. ಆದರೆ ಆ ಅಲೆಯನ್ನು ಗುರುತಿಸಬಲ್ಲ ಕಿವಿಯನ್ನು ಅದು ಕೊಡಲಾರದು.

ಹೆಚ್ಚಿನವರು ಕೈಬಿಡುವುದು ಬೆರಳಿನ ನೋವಿಗೆ ಅಂಜಿ. ಎಡಗೈ ಬೆರಳ ತುದಿಗಳು ಮೊದಮೊದಲು ಕೆಂಪೇರಿ ಉರಿಯುತ್ತವೆ. ಕೆಲವು ವಾರ ಕಳೆದರೆ ಅಲ್ಲಿನ ಚರ್ಮ ಗಟ್ಟಿಯಾಗುತ್ತದೆ. ಒಂದೇ ದಿನ ಎರಡು ಗಂಟೆ ಹೆಣಗುವುದಕ್ಕಿಂತ ದಿನವೂ ಕಾಲು ಗಂಟೆ ಕುಳಿತುಕೊಳ್ಳುವುದು ಮೇಲು. ಬೆರಳನ್ನು ಲೋಹದ ಪಟ್ಟಿಯ ಮೇಲಿಡದೆ, ಅದರ ಹಿಂದೆ ಅದಕ್ಕೆ ಹತ್ತಿರವಾಗಿ ಒತ್ತಿದರೆ ಕಡಿಮೆ ಬಲ ಸಾಕಾಗುತ್ತದೆ. ನೈಲಾನ್ ತಂತಿಯ ಗಿಟಾರಾದರೆ ನೋವು ಇನ್ನೂ ಕಡಿಮೆ.

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ 'ಕಾರ್ಡ್' ಎನ್ನುತ್ತಾರೆ. ಅವುಗಳಲ್ಲಿ 'ಈ ಮೈನರ್' ಎಂಬುದು ಬಲು ಸುಲಭ. ಐದನೆಯ ಮತ್ತು ನಾಲ್ಕನೆಯ ತಂತಿಗಳನ್ನು ಎರಡನೆಯ ಮೆಟ್ಟಿಲಿನಲ್ಲಿ ಎರಡು ಬೆರಳುಗಳಿಂದ ಒತ್ತಿ, ಬಲಗೈಯಿಂದ ಆರೂ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಸವರಬೇಕು. ಯಾವುದಾದರೂ ತಂತಿ ಮಂಕಾಗಿ ನುಡಿದರೆ, ಪಕ್ಕದ ಬೆರಳು ಅದಕ್ಕೆ ತಾಗುತ್ತಿದೆಯೇ ಎಂದು ಮೊದಲು ನೋಡತಕ್ಕದ್ದು.