ತಯಾರಕನ ಮಳಿಗೆ, ವರ್ತಕನ ಮಳಿಗೆ

ತನ್ನ ಸರಕನ್ನು ಮಾರಿಕೊಡುತ್ತಿದ್ದ ವರ್ತಕನ ಎದುರಿಗೇ ತಯಾರಕನು ಅಂಗಡಿ ತೆರೆದು ಕುಳಿತುಕೊಳ್ಳುವುದು ವಾಣಿಜ್ಯದಲ್ಲಿ ಹೊಸ ಸಂಗತಿಯೇನಲ್ಲವಾದರೂ, ಗ್ರಾಹಕನ ಕೈಯಲ್ಲಿರುವ ಫೋನೇ ಒಂದು ಮಳಿಗೆಯಾಗಿ ಮಾರ್ಪಟ್ಟ ಮೇಲೆ ಆ ಪ್ರಲೋಭನವು ಎಷ್ಟು ಪ್ರಬಲವಾಯಿತೆಂಬುದನ್ನು ತಿಳಿಯಬೇಕಾದರೆ ಅಮೆರಿಕದ ನೈಕಿ ಸಂಸ್ಥೆಯ ಚರಿತ್ರೆಯನ್ನು ನೋಡಬೇಕು.

1964ರಲ್ಲಿ ಫಿಲ್ ನೈಟ್ ಮತ್ತು ಅವರ ಓಟದ ತರಬೇತುದಾರರಾಗಿದ್ದ ಬಿಲ್ ಬೋವರ್‌ಮನ್ ತಲಾ 500 ಡಾಲರ್ ಹೂಡಿ ಆರಂಭಿಸಿದ ಈ ಸಂಸ್ಥೆಯು ಮೊದಲಿಗೆ ಏನನ್ನೂ ತಯಾರಿಸುತ್ತಿರಲಿಲ್ಲ. ಜಪಾನಿನ ಒನಿತ್ಸುಕಾ ಕಂಪನಿಯ ಜೋಡುಗಳನ್ನು ತರಿಸಿ, ಓಟದ ಸ್ಪರ್ಧೆಗಳು ನಡೆಯುವಲ್ಲಿಗೆ ಕಾರಿನಲ್ಲಿ ಹೇರಿಕೊಂಡು ಹೋಗಿ ಮಾರುತ್ತಿದ್ದಿತು. ತಾವು ಶ್ರಮಪಟ್ಟು ಬೆಳೆಸಿದ ಮಾರುಕಟ್ಟೆಯನ್ನು ಒನಿತ್ಸುಕಾ ಅನ್ಯ ವಿತರಕರಿಗೆ ಒಪ್ಪಿಸಲು ಹವಣಿಸುತ್ತಿದೆಯೆಂಬ ಶಂಕೆಯೇ ನೈಟ್ ಅವರನ್ನು 1971ರಲ್ಲಿ ನೈಕಿ ಎಂಬ ಸ್ವಂತ ಹೆಸರಿನ ಕಡೆಗೆ ದೂಡಿತು. ಮುಂದೆ, ಹಣದ ಮುಗ್ಗಟ್ಟಿನ ದಿನಗಳಲ್ಲಿ ಸಂಸ್ಥೆಯನ್ನು ಉಳಿಸಿದವರು ವರ್ತಕರೇ: ಆರು ತಿಂಗಳು ಮುಂಚಿತವಾಗಿ, ಹಿಂದೆಗೆದುಕೊಳ್ಳಲಾಗದಂತಹ ಆರ್ಡರುಗಳನ್ನು ಕೊಟ್ಟರೆ ಬೆಲೆಯಲ್ಲಿ ರಿಯಾಯಿತಿ ಎಂಬ ‘ಫ್ಯೂಚರ್ಸ್’ ಏರ್ಪಾಡಿಗೆ ಅವರು ಒಪ್ಪಿದುದರಿಂದ, ಸರಕು ಬಿಕರಿಯಾಗದೆ ಉಳಿಯುವ ಅಪಾಯವು ತಯಾರಕನ ಹೆಗಲಿನಿಂದ ಇಳಿದು ಅವರ ಹೆಗಲಿಗೇರಿತು.

ಇಂತಹ ಋಣವು ಲೆಕ್ಕದ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಅಲ್ಲಿ ಕಾಣುವುದು, ಸಗಟು ಬೆಲೆಗೆ ಕೊಟ್ಟ ಜೋಡು ಅಂಗಡಿಯಲ್ಲಿ ಹೆಚ್ಚುಕಡಿಮೆ ಇಮ್ಮಡಿ ಬೆಲೆಗೆ ಹೋಗುತ್ತದೆಂಬುದಷ್ಟೇ. ಆ ನಡುವಣ ಹಣವೂ, ಯಾರು ಯಾವ ಅಳತೆಯದನ್ನು ಎಷ್ಟು ತಿಂಗಳಿಗೊಮ್ಮೆ ಕೊಳ್ಳುತ್ತಾರೆಂಬ, ಹಿಂದೆ ಅಂಗಡಿಯವನ ಜ್ಞಾಪಕದಲ್ಲಿ ಮಾತ್ರವಿದ್ದ ಮಾಹಿತಿಯೂ ತನಗೇ ದಕ್ಕಲೆಂದು ನೈಕಿ 2017ರಲ್ಲಿ ನೇರ ಮಾರಾಟದ ಮಹಾಯೋಜನೆಯನ್ನು ಘೋಷಿಸಿತು. ಸಾವಿರಾರು ವರ್ತಕರ ಪೈಕಿ ಸುಮಾರು 40 ಮಂದಿಯ ಮೇಲೆ ಮಾತ್ರ ತನ್ನ ಗಮನವೆಂದು ಸಾರಿತು. 2019ರಲ್ಲಿ ಅಮೆಜಾನಿನಿಂದ ಹೊರಬಂದಿತು. ಅನಂತರ ಹಲವು ಸರಣಿ ಮಳಿಗೆಗಳಿಗೂ ಸಣ್ಣ ಅಂಗಡಿಗಳಿಗೂ ಸರಬರಾಜನ್ನು ನಿಲ್ಲಿಸಿತು. ಸಾಂಕ್ರಾಮಿಕದ ಕಾಲದಲ್ಲಿ ಜನರೆಲ್ಲ ಮನೆಯಿಂದಲೇ ಕೊಳ್ಳತೊಡಗಿದಾಗ ಈ ನೀತಿಯು ದೂರದೃಷ್ಟಿಯೆಂದೇ ತೋರಿತು. 2023ರ ಆರ್ಥಿಕ ವರ್ಷದಲ್ಲಿ ನೈಕಿ ಬ್ರ್ಯಾಂಡಿನ ಆದಾಯದ ಶೇ. 44ರಷ್ಟು ನೇರ ಮಾರಾಟದಿಂದಲೇ ಬಂದಿತು.

ವರ್ತಕರು ಅನುಭವಿಸಿದ ಆಘಾತ ಸಾಮಾನ್ಯವಾದುದಲ್ಲ. ತಾನು ಖರೀದಿಸುವ ಸರಕಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ನೈಕಿಯಿಂದಲೇ ಪಡೆಯುತ್ತಿದ್ದ ಫುಟ್ ಲಾಕರ್ ಎಂಬ ಜೋಡುಗಳ ಸರಣಿ ಮಳಿಗೆ, ಆ ಪಾಲು ಕುಗ್ಗಲಿದೆಯೆಂದು 2022ರ ಫೆಬ್ರವರಿಯಲ್ಲಿ ತಿಳಿಸಿದ ದಿನವೇ ಅದರ ಷೇರಿನ ಬೆಲೆ ಶೇ. 30ರಷ್ಟು ಇಳಿದುಹೋಯಿತು.

ಆದರೆ ನಡುವಣ ಹಣವೆಂದು ಎಣಿಸಿದ್ದು ಪೂರ್ತಿ ಲಾಭವಾಗಿರಲಿಲ್ಲ. ಮಳಿಗೆಯ ಬಾಡಿಗೆ, ನೌಕರರ ಸಂಬಳ, ಒಂದೊಂದೇ ಜೋಡನ್ನು ಮನೆಗೆ ತಲುಪಿಸುವ ವೆಚ್ಚ, ಅಳತೆ ಸರಿಹೊಂದದೆ ಹಿಂದಿರುಗುವ ಸರಕು, ಮಾರಾಟವಾಗದೆ ಉಳಿದ ದಾಸ್ತಾನು, ಇವನ್ನೆಲ್ಲ ಅದುವರೆಗೆ ಅನ್ಯರು ಹೊತ್ತಿದ್ದರು. ಇದಕ್ಕಿಂತ ಗುರುತರವಾದುದು, ನನ್ನ ಅಭಿಪ್ರಾಯದಲ್ಲಿ, ಮತ್ತೊಂದು ನಷ್ಟ: ಓಟಗಾರನು ಅಂಗಡಿಗೆ ಹೋಗಿ ನಾಲ್ಕು ಬಗೆಯ ಜೋಡುಗಳನ್ನು ತೊಟ್ಟು ನೋಡುವ ಆ ಅರ್ಧಗಂಟೆಯಲ್ಲಿ ನೈಕಿ ಅವನ ಕಣ್ಣಿಗೇ ಬೀಳಲಿಲ್ಲ. ತೆರವಾದ ಸ್ಥಾನಗಳಲ್ಲಿ ಹೋಕಾ, ಸ್ವಿಟ್ಜರ್ಲೆಂಡಿನ ಆನ್ ಮೊದಲಾದ ಹೊಸಬರು ಬಂದು ಕುಳಿತರು. ವರ್ತಕರೂ ಅವರನ್ನು ಆದರದಿಂದಲೇ ಬರಮಾಡಿಕೊಂಡರು. ಹೊಸ ಮಾದರಿಗಳನ್ನು ರೂಪಿಸುವುದರಲ್ಲಿ ನೈಕಿ ಹಿಂದುಳಿಯಿತೆಂಬ ಟೀಕೆಯೂ ಇದರೊಡನೆ ಸೇರಿತು.

2024ರ ಜೂನ್‌ನಲ್ಲಿ, ಮಾರಾಟವು ಇಳಿಮುಖವಾಗಲಿದೆಯೆಂಬ ಮುನ್ಸೂಚನೆ ಹೊರಬಿದ್ದೊಡನೆ ನೈಕಿಯ ಷೇರು ಒಂದೇ ದಿನದಲ್ಲಿ ಸುಮಾರು ಶೇ. 20 ಕುಸಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, 1988ರಲ್ಲಿ ತರಬೇತಿ ಅಭ್ಯರ್ಥಿಯಾಗಿ ಸಂಸ್ಥೆಯನ್ನು ಸೇರಿ ನಿವೃತ್ತರೂ ಆಗಿದ್ದ ಎಲಿಯಟ್ ಹಿಲ್ ಅವರನ್ನು ಕರೆತಂದು ಮುಖ್ಯಸ್ಥರನ್ನಾಗಿ ಮಾಡಲಾಯಿತು. ಮೇಸೀಸ್ ಎಂಬ ಸರಣಿ ಮಳಿಗೆಗಳಿಗೆ 2023ರಲ್ಲಿಯೇ ಸರಕು ಮರಳಿತ್ತು; 2025ರಲ್ಲಿ ಅಮೆಜಾನಿಗೂ ಮರಳುವ ನಿರ್ಧಾರವಾಯಿತು. ವರ್ತಕರು ಬಾಗಿಲನ್ನೇನೋ ತೆರೆದಿದ್ದಾರೆ, ಆದರೆ ಹಿಂದೆ ಗೋಡೆಯಿಡೀ ತನ್ನದಾಗಿದ್ದ ಕಡೆಗಳಲ್ಲಿ ನೈಕಿ ಈಗ ಹೋಕಾ, ಆನ್‌ಗಳೊಡನೆ ಜಾಗವನ್ನು ಹಂಚಿಕೊಳ್ಳಬೇಕಾಗಿದೆ.