ನಿಮ್ಮ ಕಂಪ್ಯೂಟರಿನಲ್ಲಿ ‘ಡೀಫಾಲ್ಟ್’ ಯಾರು?

“ಅಣ್ಣಾ, ಲ್ಯಾಪ್‌ಟಾಪ್ ಆನ್ ಮಾಡಿದ್ರೆ ವಿಂಡೋಸ್ ಬರ್ತಾನೇ ಇಲ್ಲ. ನನ್ನ ನೋಟ್ಸೆಲ್ಲ ಹೋಯ್ತಾ?”

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಚಿಕ್ಕಪ್ಪನ ಮಗಳು ಫೋನಿನಲ್ಲಿ ಅಳೋದೊಂದು ಬಾಕಿ. ತಪ್ಪು ನನ್ನದೇ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅವಳ ಹಳೇ ಲ್ಯಾಪ್‌ಟಾಪಿನಲ್ಲಿಲ್ಲ. ಹೊಸದಕ್ಕೆ ದುಡ್ಡೆಲ್ಲಿಂದ ತರೋದು, ಪಕ್ಕದಲ್ಲೇ ಡೆಬಿಯನ್ ಲಿನಕ್ಸ್ ಹಾಕ್ಕೋ ಅಂದಿದ್ದೆ. ಹಾಕಿಕೊಂಡಳು. ವಿಂಡೋಸ್ ಮಾಯ!

ನಿಜಕ್ಕೂ ಏನೂ ಹೋಗಿರಲಿಲ್ಲ. ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನಲ್ಲಿರುವ ಯುಇಎಫ್‌ಐ. ಅದು ಬೂಟ್ ಲೋಡರ್ ಅನ್ನು ಕರೆಯುತ್ತದೆ. ಯಾವ ಆಪರೇಟಿಂಗ್ ಸಿಸ್ಟಮ್ ಶುರುವಾಗಬೇಕು ಅಂತ ತೀರ್ಮಾನಿಸುವುದು ಈ ಬೂಟ್ ಲೋಡರ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದರ ಹೆಸರು ಗ್ರಬ್. 2021ರಲ್ಲಿ ಬಂದ ಗ್ರಬ್ 2.06ರಿಂದ, ಬೇರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹುಡುಕಿ ಪಟ್ಟಿಗೆ ಸೇರಿಸುವ ‘ಓಎಸ್ ಪ್ರೋಬರ್’ ಅನ್ನು ಸುರಕ್ಷತೆಯ ಕಾರಣಕ್ಕೆ ಡೀಫಾಲ್ಟ್ ಆಗಿ ಬಂದ್ ಮಾಡಲಾಗಿದೆ. ಅಂದರೆ ವಿಂಡೋಸ್ ಮನೆಯಲ್ಲೇ ಇತ್ತು. ಮತದಾರರ ಪಟ್ಟಿಯಲ್ಲಿ ಹೆಸರಿರಲಿಲ್ಲ, ಅಷ್ಟೆ.

ಸರಿಪಡಿಸೋದು ಒಂದೇ ಫೈಲಿನಲ್ಲಿ. ‘ಇಟಿಸಿ’ ಫೋಲ್ಡರಿನೊಳಗೆ ‘ಡೀಫಾಲ್ಟ್’, ಅದರೊಳಗೆ ‘ಗ್ರಬ್’. ಮೊದಲು ಇದರ ಒಂದು ನಕಲು ಇಟ್ಟುಕೊಳ್ಳಿ. ಆಮೇಲೆ ಮೂರು ಸಾಲು ನೋಡಿ:

‘ಡಿಸೇಬಲ್ ಓಎಸ್ ಪ್ರೋಬರ್’ ಸಾಲಿನ ಮುಂದಿನ ಹ್ಯಾಶ್ ಚಿಹ್ನೆ ತೆಗೆದು, ಬೆಲೆ ‘ಫಾಲ್ಸ್’ ಇರುವಂತೆ ನೋಡಿಕೊಳ್ಳಿ. ಹುಡುಕಾಟ ಮತ್ತೆ ಶುರು.

‘ಡೀಫಾಲ್ಟ್’ ಅಂದರೆ ನೀವು ಸುಮ್ಮನಿದ್ದರೆ ಗೆಲ್ಲುವವರು. ಎಣಿಕೆ ಸೊನ್ನೆಯಿಂದ, ಮೂರನೆಯದು ಬೇಕಿದ್ದರೆ 2 ಬರೆಯಬೇಕು. ಬೆಲೆ ‘ಸೇವ್ಡ್’ ಕೊಟ್ಟು, ‘ಸೇವ್ ಡೀಫಾಲ್ಟ್’ ಸಾಲಿಗೆ ‘ಟ್ರೂ’ ಅಂತ ಹಾಕಿದರೆ, ಕಳೆದ ಸಲ ಆರಿಸಿದ್ದೇ ಮತ್ತೆ ಬರುತ್ತದೆ.

‘ಟೈಮ್‌ಔಟ್’ ಅಂದರೆ ಯೋಚಿಸಲು ಎಷ್ಟು ಸೆಕೆಂಡು. 0 ಕೊಟ್ಟರೆ ಕೇಳುವುದೇ ಇಲ್ಲ. ಮೈನಸ್ 1 ಕೊಟ್ಟರೆ ನೀವು ಹೇಳುವ ತನಕ ಕಾಯುತ್ತದೆ.

ಸೇವ್ ಮಾಡಿದರೆ ಸಾಲದು. ಟರ್ಮಿನಲ್‌ನಲ್ಲಿ ‘ಸುಡೋ ಅಪ್‌ಡೇಟ್-ಗ್ರಬ್’ ಆಜ್ಞೆ ಕೊಟ್ಟಾಗಲೇ ಬದಲಾವಣೆ ಜಾರಿಗೆ ಬರುತ್ತದೆ.

ಇಷ್ಟೆಲ್ಲ ನಮ್ಮ ಕೈಲಿದೆ. ಇದಕ್ಕೂ ಒಂದು ಮೆಟ್ಟಿಲು ಕೆಳಗೆ ಇರುವುದೇ ಸೆಕ್ಯೂರ್ ಬೂಟ್: ನಂಬಿಕಸ್ತ ಸಹಿ ಇಲ್ಲದ ಬೂಟ್ ಲೋಡರ್ ಅನ್ನು ಯುಇಎಫ್‌ಐ ಓಡಿಸುವುದಿಲ್ಲ. ಉದ್ದೇಶ ಒಳ್ಳೆಯದೇ, ಆಪರೇಟಿಂಗ್ ಸಿಸ್ಟಮ್‌ಗಿಂತ ಮೊದಲೇ ಹೊಕ್ಕುವ ಮಾಲ್‌ವೇರ್ ತಡೆಯಬೇಕು. ಆದರೆ ಬಹುತೇಕ ಪಿಸಿಗಳಲ್ಲಿ ಕಾರ್ಖಾನೆಯಿಂದಲೇ ಬರುವ ಕೀಲಿ ಮೈಕ್ರೋಸಾಫ್ಟ್‌ನದ್ದು. ಹಾಗಾಗಿ ಡೆಬಿಯನ್, ಉಬುಂಟು, ಫೆಡೋರಾ ಎಲ್ಲವೂ ಮೈಕ್ರೋಸಾಫ್ಟ್ ಸಹಿ ಇರುವ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಂ ಮೂಲಕವೇ ಒಳಬರುತ್ತವೆ. 2024ರ ಆಗಸ್ಟಿನಲ್ಲಿ ವಿಂಡೋಸ್‌ನ ಒಂದು ಅಪ್‌ಡೇಟ್ ನಂತರ, ಎರಡೂ ಇದ್ದ ಹಲವು ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಸಮಸ್ಯೆ ಇದೆಯೆಂದು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡಿತು.

ವಿಂಡೋಸ್ 8ರ ಕಾಲದಲ್ಲಿ, ಅದರ ಪ್ರಮಾಣಪತ್ರ ಬೇಕಿದ್ದ ಸಾಮಾನ್ಯ ಪಿಸಿಗಳಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವ ಸ್ವಿಚ್ ಕಡ್ಡಾಯವಾಗಿತ್ತು. ವಿಂಡೋಸ್ 10ರಿಂದ ಅದು ತಯಾರಕರ ಇಷ್ಟ. ಲ್ಯಾಪ್‌ಟಾಪ್ ಕೊಳ್ಳುವಾಗ ರ‍್ಯಾಮ್ ಎಷ್ಟು ಅಂತ ಎಲ್ಲರೂ ಕೇಳ್ತೀವಿ. ಈ ಸ್ವಿಚ್ ಇದೆಯಾ, ನಮ್ಮದೇ ಕೀಲಿ ಸೇರಿಸಬಹುದಾ ಅಂತಲೂ ಕೇಳಿ. ದುಡ್ಡು ಕೊಟ್ಟವರು ನೀವು ತಾನೇ?

ತಂಗಿಯ ನೋಟ್ಸ್ ಸಿಕ್ಕಿವೆ. ಟೈಮ್‌ಔಟ್ ಅನ್ನು ಅವಳೇ 30ಕ್ಕೆ ಏರಿಸಿದ್ದಾಳೆ. ಯಾಕೆ ಅಂದೆ. “ಟೀ ತರೋಷ್ಟರಲ್ಲಿ ಅದೇ ಡಿಸೈಡ್ ಮಾಡಿಬಿಡಬಾರ್ದಲ್ಲ ಅಣ್ಣಾ!”